ಹಿಂಬದಿಯ ಆಸನದ ಚರಿತ್ರೆ

ಚರಿತ್ರೆಯೆಂದರೆ ರಾಜಮಹಾರಾಜರ ಯುದ್ಧಗಳು, ದಾನಶಾಸನಗಳು, ಒಪ್ಪಂದಗಳು ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಮೈಸೂರಿನಲ್ಲಿ ಬಿ.ಎ. ತರಗತಿಗೆ ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡಿದ್ದ ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ನಮ್ಮ ಮನೆಯ ಅಂಗಳದಲ್ಲಿ ನಿಂತು ಎಣ್ಣೆ ತೊಟ್ಟಿಕ್ಕುತ್ತಿದ್ದ ಮೋಟಾರು ಸೈಕಲ್ಲಿಗೂ ಒಂದು ಚರಿತ್ರೆಯಿದೆ, ಆ ಚರಿತ್ರೆಯಲ್ಲಿ ಹಿಂಬದಿಯ ಆಸನದಲ್ಲಿ ಕುಳಿತ ಹೆಂಗಸರಿಗೂ ಪಾಲಿದೆ ಎಂಬುದು ನನಗೆ ಹೊಳೆದದ್ದು ಇತ್ತೀಚೆಗೆ, ಅದೂ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಓದುತ್ತಿರುವ ನನ್ನ ಮಗಳು ಕೇಳಿದ ಒಂದು ಪ್ರಶ್ನೆಯಿಂದ.

ಇಪ್ಪತ್ತೆರಡು ವರ್ಷದ ಆಕೆ ಒಂದು ಭಾನುವಾರ ದೂರವಾಣಿಯಲ್ಲಿ, ತಾನೊಂದು ಮೋಟಾರು ಸೈಕಲ್ಲು ಕೊಳ್ಳಬೇಕೆಂದಿರುವುದಾಗಿ ತಿಳಿಸಿದಳು. ಡಲ್ಲಾಸಿನ ಬಳಿಯ ನಮ್ಮ ಮನೆಯಲ್ಲಿ ಅಡುಗೆ ಮಾಡುತ್ತ ನಿಂತಿದ್ದ ನಾನು, "ಸಾಧ್ಯವೇ ಇಲ್ಲ" ಎಂದುಬಿಟ್ಟೆ. ಆಕೆ ಜಗಳವಾಡಲಿಲ್ಲ. "ಅಮ್ಮ, ತಾತನ ಜಾವಾದ ಪೆಟ್ರೋಲು ಟ್ಯಾಂಕಿನ ಮೇಲೆ ನೀನು ಕೂತಿರೋ ಫೋಟೋ ನಮ್ಮನೆ ಗೋಡೆ ಮೇಲೇ ಇದೆಯಲ್ಲ, ಆಗ ನಿನ್ನನ್ನ ಯಾರೂ ಬೇಡ ಅನ್ನಲಿಲ್ವಾ?" ಎಂದಳು. ಉತ್ತರ ಹೇಳಲು ನನ್ನಿಂದಾಗಲಿಲ್ಲ. ಉತ್ತರ ಹುಡುಕುತ್ತ ನಾನು ಮಾಡಿಕೊಂಡ ಟಿಪ್ಪಣಿಗಳೇ ಈ ಲೇಖನ.

ಆ ಛಾಯಾಚಿತ್ರದಲ್ಲಿರುವ ವಾಹನ ಹುಟ್ಟಿದ್ದು ನಮ್ಮ ಮನೆಯಿಂದ ಎರಡು ಮೈಲಿಗಳಾಚೆಯ ಯಾದವಗಿರಿಯಲ್ಲಿ. ಜಾವಾ ಎಂಬ ಹೆಸರನ್ನು ಕೇಳಿ ಅದು ದ್ವೀಪವೊಂದರ ಹೆಸರೆಂದು ನಾವು ಮಕ್ಕಳು ತಿಳಿದಿದ್ದೆವು. ವಾಸ್ತವವಾಗಿ ಅದು 1929ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂತಿಶೆಕ್ ಯಾನೆಚೆಕ್ ಎಂಬುವರು ಸ್ಥಾಪಿಸಿದ ಕಾರ್ಖಾನೆಯ ಹೆಸರು. ತಮ್ಮ ಹೆಸರಿನ ಮೊದಲೆರಡು ಅಕ್ಷರಗಳನ್ನೂ, ತಾವು ಪರವಾನಗಿ ಪಡೆದ ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಮೊದಲೆರಡು ಅಕ್ಷರಗಳನ್ನೂ ಕೂಡಿಸಿ ಅವರು ಈ ಹೆಸರನ್ನು ಕಟ್ಟಿದರು. ಸ್ವಾತಂತ್ರ್ಯಾನಂತರ ವಿದೇಶೀ ವಾಹನಗಳ ಆಮದಿನ ಮೇಲೆ ನಿರ್ಬಂಧಗಳು ಬಿಗಿಯಾದಾಗ ರುಸ್ತುಂ ಇರಾನಿ ಹಾಗೂ ಫಾರೂಖ್ ಇರಾನಿಯವರು ಆ ಚೆಕ್ ವಾಹನವನ್ನು ನಮ್ಮ ನೆಲದಲ್ಲಿಯೇ ತಯಾರಿಸಲು ನಿಶ್ಚಯಿಸಿ, ಮೈಸೂರನ್ನು ಆರಿಸಿಕೊಂಡರು. 1961ರಲ್ಲಿ, ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರು 'ಐಡಿಯಲ್ ಜಾವಾ' ಕಾರ್ಖಾನೆಯನ್ನು ಉದ್ಘಾಟಿಸಿದರು. ಅರಮನೆ, ದಸರಾ, ರೇಷ್ಮೆ, ಗಂಧ ಎಂದು ಹೆಸರಾಗಿದ್ದ ಊರಿಗೆ ಹೀಗೊಂದು ಯಂತ್ರದ ಹೆಮ್ಮೆಯೂ ಸೇರಿತು. ಪರವಾನಗಿಯ ಅವಧಿ ಮುಗಿದ ಬಳಿಕ, 1973ರ ಸುಮಾರಿಗೆ, ಅದೇ ವಾಹನ 'ಯೆಜ್ದಿ' ಎಂಬ ಹೊಸ ಹೆಸರಿನಿಂದ ಹೊರಬರತೊಡಗಿತು.

ಆ ವಾಹನದ ಸ್ವಭಾವವನ್ನು ಬಲ್ಲವರು ಈ ಸಮ್ಮೇಳನಕ್ಕೆ ಬಂದವರಲ್ಲಿ ಅನೇಕರಿರಬೇಕು. ಒಂದೇ ಸಿಲಿಂಡರು, ಆದರೆ ಎರಡು ಸೈಲೆನ್ಸರು. ಕಿಕ್ ಹೊಡೆಯಲು ಒಂದು, ಗೇರು ಬದಲಿಸಲು ಇನ್ನೊಂದು ಎಂದು ಎರಡು ಸನ್ನೆಗಳಿರದೆ, ಒಂದೇ ಸನ್ನೆ ಎರಡೂ ಕೆಲಸಗಳನ್ನು ಮಾಡುತ್ತಿತ್ತು. ಅಪರಿಚಿತನೊಬ್ಬ ಗಾಡಿ ಕದಿಯಲು ಬಂದರೂ ಸ್ಟಾರ್ಟ್ ಮಾಡಲು ತಿಳಿಯದೆ ಹಿಂದಿರುಗುವನೆಂದು ನಮ್ಮ ತಂದೆಯವರು ನಗುತ್ತಿದ್ದರು. ಎರಡು ಸ್ಟ್ರೋಕಿನ ಎಂಜಿನ್ನಾದ್ದರಿಂದ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕಾಗುತ್ತಿತ್ತು. ಎಣ್ಣೆ ಹೆಚ್ಚಾದರೆ ಬೀದಿಯೆಲ್ಲ ನೀಲಿ ಹೊಗೆ. ಕಡಿಮೆಯಾದರೆ ಎಂಜಿನ್ನು ಬಿಸಿಯೇರಿ ಹಿಡಿದುಕೊಳ್ಳುತ್ತಿತ್ತು. ನಮ್ಮ ಓಣಿಯಲ್ಲಿ ಆ ಕಾರ್ಖಾನೆಯ ನೌಕರರೊಬ್ಬರಿದ್ದರು. ಭಾನುವಾರ ಬೆಳಿಗ್ಗೆ ಅವರ ಮನೆಯ ಮುಂದೆ ನಾಲ್ಕಾರು ಗಾಡಿಗಳು ಸಾಲುಗಟ್ಟಿರುತ್ತಿದ್ದವು. ಕಾಫಿಯೊಂದನ್ನುಳಿದು ಯಾರಿಂದಲೂ ಅವರು ಏನನ್ನೂ ತೆಗೆದುಕೊಂಡವರಲ್ಲ.

ನಮ್ಮ ತಂದೆಯವರು ಪ್ರೌಢಶಾಲೆಯ ಉಪಾಧ್ಯಾಯರು. 1974ರಲ್ಲಿ ಹಳೆಯ ಜಾವಾ ಒಂದನ್ನು ಕಂತಿನ ಮೇಲೆ ಕೊಂಡುಕೊಂಡರು. ಅಂದಿನ ದಿನಗಳಲ್ಲಿ ಹೊಸ ಸ್ಕೂಟರಿಗೆ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಿತ್ತು. ಉತ್ಪಾದನೆಗೆ ಸರ್ಕಾರದ ಪರವಾನಗಿಯ ಮಿತಿಯಿದ್ದುದರಿಂದ, ಬೇಡಿಕೆ ಎಷ್ಟಿದ್ದರೂ ಕಾರ್ಖಾನೆಗಳು ಅಷ್ಟೇ ತಯಾರಿಸಬೇಕಾಗಿತ್ತು. ಮಗಳ ಮದುವೆಗೆಂದು ಅವಳು ಪ್ರೌಢಶಾಲೆಯಲ್ಲಿರುವಾಗಲೇ ಸ್ಕೂಟರು ಬುಕ್ ಮಾಡಿಸಿಟ್ಟ ತಂದೆಯರನ್ನು ನಾನು ಕಂಡಿದ್ದೇನೆ. ಮಧ್ಯಮ ವರ್ಗದ ಕುಟುಂಬಕ್ಕೆ ಒಂದು ದ್ವಿಚಕ್ರ ವಾಹನವೆಂದರೆ ಮನೆ ಕಟ್ಟಿಸಿದಷ್ಟೇ ದೊಡ್ಡ ಘಟನೆಯಾಗಿತ್ತು ಎಂದರೆ ಅತಿಶಯೋಕ್ತಿಯಾಗಲಾರದು.

ಆ ಒಂದೇ ಗಾಡಿಯ ಮೇಲೆ ನಾವು ನಾಲ್ವರು. ಟ್ಯಾಂಕಿನ ಮೇಲೆ ನಾನು, ನಡುವೆ ತಂದೆಯವರು, ಹಿಂದೆ ಒಂದು ಪಕ್ಕಕ್ಕೆ ಕಾಲಿಳಿಬಿಟ್ಟು ತಾಯಿ, ತಾಯಿಯ ತೊಡೆಯ ಮೇಲೆ ತಮ್ಮ. ತಾಯಿಯ ಒಂದು ಕೈ ಮಗುವನ್ನು ಹಿಡಿದಿದ್ದರೆ, ಇನ್ನೊಂದು ಕೈಯಲ್ಲಿ ದೇವರಾಜ ಮಾರುಕಟ್ಟೆಯಿಂದ ತಂದ ತರಕಾರಿಯ ಚೀಲ. ಗಾಡಿಯನ್ನು ಹಿಡಿದುಕೊಳ್ಳಲು ಆಕೆಗೆ ಮೂರನೆಯ ಕೈ ಇರಲಿಲ್ಲ. ಸಯ್ಯಾಜಿರಾವ್ ರಸ್ತೆಯ ದನ, ಟಾಂಗಾ, ಸೈಕಲ್ಲು, ಬಸ್ಸುಗಳ ನಡುವೆ ಆಕೆ ಸಮತೋಲವನ್ನು ಕಾಯ್ದುಕೊಂಡದ್ದು ಬರೀ ಬೆನ್ನಿನ ಬಲದಿಂದ. ತಿರುವಿನಲ್ಲಿ ಎತ್ತ ವಾಲಬೇಕು, ಬ್ರೇಕು ಬಿದ್ದಾಗ ಎಷ್ಟು ಬಿಗಿಹಿಡಿಯಬೇಕು ಎಂಬುದನ್ನು ಆಕೆಗೆ ಯಾರೂ ಕಲಿಸಿರಲಿಲ್ಲ. ಸವಾರನ ಕೌಶಲವನ್ನು ಎಲ್ಲರೂ ಹೊಗಳುತ್ತಾರೆ. ಹಿಂದೆ ಕುಳಿತವಳ ಕೌಶಲವನ್ನು ಕುರಿತು ಒಂದು ಮಾತನ್ನೂ ನಾನು ಎಲ್ಲಿಯೂ ಓದಿಲ್ಲ.

ಆದರೆ ಕಾನೂನಿನ ಪುಸ್ತಕದಲ್ಲಿ ಆಕೆ ಇದ್ದಾಳೆ! 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮವು, ಹಿಂಬದಿ ಸವಾರರಿಗೆ ಸ್ಥಳವಿರುವ ಪ್ರತಿ ಮೋಟಾರು ಸೈಕಲ್ಲಿಗೂ ಹಿಡಿದುಕೊಳ್ಳಲು ಒಂದು ಹಿಡಿ, ಕಾಲಿಡಲು ಆಸರೆ, ಹಾಗೂ ಉಡುಪು ಚಕ್ರಕ್ಕೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಭಾಗವನ್ನಾದರೂ ಮುಚ್ಚುವ ರಕ್ಷಣೆ ಇರಲೇಬೇಕೆಂದು ವಿಧಿಸುತ್ತದೆ. ನಾವೆಲ್ಲ 'ಸೀರೆ ಗಾರ್ಡು' ಎನ್ನುವುದು ಇದನ್ನೇ. ಸೀರೆಯ ಸೆರಗು ಚಕ್ರಕ್ಕೆ ಸುತ್ತಿಕೊಂಡು ಎಷ್ಟು ಮಂದಿ ತಾಯಂದಿರು ಬಿದ್ದ ಮೇಲೆ ಈ ಸಾಲುಗಳು ಕಾನೂನಿಗೆ ಬಂದವೋ! ಶಾಸನವೆಂದರೆ ಕಲ್ಲಿನ ಮೇಲೆ ಕೆತ್ತಿದ್ದು ಮಾತ್ರವಲ್ಲವೆಂದು ಆ ನಿಯಮವನ್ನು ಓದಿದ ದಿನ ನನಗನ್ನಿಸಿತು.

ಬೆಂಗಳೂರಿನ ಕಥೆ ಬೇರೆ ವೇಗದಲ್ಲಿ ನಡೆಯಿತು. ಹೆಚ್.ಎಂ.ಟಿ., ಹೆಚ್.ಎ.ಎಲ್., ಬಿ.ಇ.ಎಲ್., ಐ.ಟಿ.ಐ.ಗಳಂಥ ಕಾರ್ಖಾನೆಗಳ ನೌಕರರನ್ನು ಸಂಸ್ಥೆಯ ಬಸ್ಸುಗಳೇ ಕರೆದೊಯ್ಯುತ್ತಿದ್ದ ಕಾಲದಲ್ಲಿ ರಸ್ತೆಗಳಿಗಿನ್ನೂ ಉಸಿರಿತ್ತು. 1980ರ ದಶಕದ ಮಧ್ಯದಲ್ಲಿ ಎಲ್ಲವೂ ಒಟ್ಟಿಗೆ ಬದಲಾಯಿತು. 1984ರಲ್ಲಿ ನೆರೆಯ ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ-100 ಹಾಗೂ ಯಮಹಾ ಆರ್‌ಎಕ್ಸ್-100, 1986ರಲ್ಲಿ ಕವಾಸಾಕಿ ಬಜಾಜ್, ಹೀಗೆ ಜಪಾನಿನ ತಂತ್ರಜ್ಞಾನದ ಹಗುರ ಗಾಡಿಗಳು ಒಂದರ ಹಿಂದೊಂದು ಬಂದವು. ಅದೇ 1985ರಲ್ಲಿಯೇ ನಮ್ಮ ಡಲ್ಲಾಸಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆಯಿತು. ಅದರ ಉಪಗ್ರಹ ಸಂಪರ್ಕದ ಸಾಮಗ್ರಿ ಎತ್ತಿನ ಗಾಡಿಯಲ್ಲಿ ಬಂದ ಚಿತ್ರ ಬಹಳ ಪ್ರಸಿದ್ಧವಾದದ್ದು. ಎತ್ತಿನ ಗಾಡಿ, ಉಪಗ್ರಹ, ನೂರು ಸಿ.ಸಿ.ಯ ಮೋಟಾರು ಸೈಕಲ್ಲು, ಈ ಮೂರೂ ಒಂದೇ ರಸ್ತೆಯಲ್ಲಿ ಸಂಧಿಸಿದ ವರ್ಷ ಅದು. ಅಂದು ಬೆಂಗಳೂರಿನಿಂದ ಡಲ್ಲಾಸಿಗೆ ತೆರೆದ ದಾರಿಯಲ್ಲಿಯೇ ನಮ್ಮಲ್ಲಿ ಎಷ್ಟೋ ಕುಟುಂಬಗಳು ಇಲ್ಲಿಗೆ ಬಂದಿವೆ.

1991ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 41 ಲಕ್ಷ. 2011ರ ಹೊತ್ತಿಗೆ ಅದು 85 ಲಕ್ಷದಷ್ಟಾಗಿತ್ತು. ನಮ್ಮ ಮೆಟ್ರೋ ರೈಲಿನ ಮೊದಲ ಹಾದಿ ತೆರೆದದ್ದು 2011ರ ಅಕ್ಟೋಬರಿನಲ್ಲಿ. ಅಂದರೆ ಊರು ಇಮ್ಮಡಿಯಾದ ಆ ಇಪ್ಪತ್ತು ವರ್ಷಗಳ ಭಾರವನ್ನು ಬಸ್ಸಿನೊಡನೆ ಹೊತ್ತದ್ದು ದ್ವಿಚಕ್ರ ವಾಹನ. 2020ರ ದಶಕದ ಆರಂಭದಲ್ಲಿ ನಗರದ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದಾಗ, ಅವುಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ದ್ವಿಚಕ್ರ ವಾಹನಗಳೇ ಆಗಿದ್ದವು.

ಮದುವೆಯಾದ ಹೊಸದರಲ್ಲಿ, 1992ರಿಂದ ನಾಲ್ಕು ವರ್ಷ, ಆ ಪ್ರವಾಹದಲ್ಲಿ ನಾನೂ ಒಂದು ಹನಿಯಾಗಿದ್ದೆ. ನಮ್ಮ ಯಜಮಾನರ ಗಾಡಿಯ ಹಿಂದೆ ಕುಳಿತು ಕೆ.ಆರ್. ಮಾರುಕಟ್ಟೆ, ಮೈಸೂರು ಬ್ಯಾಂಕ್ ವೃತ್ತ, ಕಾರ್ಪೊರೇಷನ್ ವೃತ್ತಗಳನ್ನು ದಾಟುತ್ತಿದ್ದೆ. ಹೊರಗಿನವರಿಗೆ ಅಸ್ತವ್ಯಸ್ತವಾಗಿ ಕಾಣುವ ಆ ಸಂಚಾರಕ್ಕೆ ಒಂದು ಒಳನಿಯಮವಿದೆ. ರಾಗಿಯ ಚೀಲವನ್ನು ಕುಲುಕಿದಾಗ ಕಾಳು ಸಂದಿನಲ್ಲಿ ಇಳಿಯುವಂತೆ, ದೀಪ ಕೆಂಪಾದೊಡನೆ ಗಾಡಿಗಳು ಬಸ್ಸು-ಕಾರುಗಳ ನಡುವಿನ ಸಂದಿಗಳಲ್ಲಿ ಇಳಿದು ಮುಂದಿನ ಸಾಲಿಗೆ ಬಂದು ನಿಲ್ಲುತ್ತವೆ. ಹಸಿರು ಬಂದೊಡನೆ ಮೊದಲು ಹೊರಡುವವು ಅವೇ. ಕಾರು ಆಕ್ರಮಿಸುವ ಸ್ಥಳದಲ್ಲಿ ಎರಡು ಗಾಡಿಗಳು ನಿಲ್ಲಬಲ್ಲವು. ಭಾರತದ ರಸ್ತೆ ತಜ್ಞರು ಗ್ರಾಮಾಂತರ ಹೆದ್ದಾರಿಗಳ ವಾಹನಗಳನ್ನು ಎಣಿಸುವಾಗ ಒಂದು ಮೋಟಾರು ಸೈಕಲ್ಲನ್ನು ಅರ್ಧ ಕಾರು ಎಂದೇ ಲೆಕ್ಕ ಹಾಕುತ್ತಾರೆ. ಹಾರನ್ನು ಕೂಡ ಅಲ್ಲಿ ಬೈಗುಳವಲ್ಲ. 'ನಿಮ್ಮ ಎಡಗಡೆ ನಾನಿದ್ದೇನೆ' ಎಂಬ ಸೂಚನೆ. ಕನ್ನಡಿಗಿಂತ ಕಿವಿಯನ್ನು ಹೆಚ್ಚಾಗಿ ನಂಬುವ ಸಂಚಾರ ಅದು.

ಇನ್ನೊಂದು ಬದಲಾವಣೆಯನ್ನು ಇಲ್ಲಿ ಹೇಳಲೇಬೇಕು. 1972ರಲ್ಲಿ ಬಂದ ಲೂನಾ, 1980ರಲ್ಲಿ ಹೊಸೂರಿನಿಂದ ಬಂದ ಟಿ.ವಿ.ಎಸ್. 50, 1980ರ ದಶಕದ ಕೈನೆಟಿಕ್ ಹೋಂಡಾ, 1990ರ ದಶಕದ ಸ್ಕೂಟಿ, 2001ರ ಆಕ್ಟಿವಾ, ಇವುಗಳಿಂದಾಗಿ ಹಿಂಬದಿಯಲ್ಲಿದ್ದ ಹೆಂಗಸು ಮೆಲ್ಲನೆ ಮುಂದಿನ ಆಸನಕ್ಕೆ ಬಂದಳು. ಗೇರಿಲ್ಲದ ಗಾಡಿಯಾದ್ದರಿಂದ ಸೀರೆಯುಟ್ಟೂ ಓಡಿಸಬಹುದಿತ್ತು. ಬ್ಯಾಂಕಿನ ನೌಕರಿಗೆ ಹೋಗುವ, ಮಗುವನ್ನು ಶಾಲೆಗೆ ಬಿಡುವ, ಸಂಜೆಯ ಸಂಗೀತ ಪಾಠಕ್ಕೆ ಹೊರಡುವ ಹೆಂಗಸು ಇನ್ನು ಯಾರನ್ನೂ ಕಾಯಬೇಕಾಗಲಿಲ್ಲ. ಸ್ತ್ರೀ ಸ್ವಾತಂತ್ರ್ಯವನ್ನು ಕುರಿತ ಅನೇಕ ಭಾಷಣಗಳು ಮಾಡಲಾರದ ಕೆಲಸವನ್ನು ಆ ಪುಟ್ಟ ಗಾಡಿಗಳು ಮಾಡಿದವು. ನಾನು ಮಾತ್ರ ಕಲಿಯಲಿಲ್ಲ. ಅದಕ್ಕೆ ಕಾರಣವಿತ್ತು.

1988ರಲ್ಲಿ ನನ್ನ ಸೋದರಮಾವ ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮುಗಿಸಿ ಮನೆಗೆ ಬರುತ್ತಿದ್ದಾಗ, ಮಳೆಯಿಂದ ನೆನೆದ ರಸ್ತೆಯಲ್ಲಿ ಗಾಡಿ ಜಾರಿತು. ಯಾವ ವಾಹನವೂ ಅವರಿಗೆ ಢಿಕ್ಕಿ ಹೊಡೆಯಲಿಲ್ಲ, ವೇಗವೂ ಹೆಚ್ಚಿರಲಿಲ್ಲ. ತಲೆ ಕಾಲುದಾರಿಯ ಅಂಚುಗಲ್ಲಿಗೆ ತಗುಲಿತು, ಅಷ್ಟೆ. ಮೈಮೇಲೆ ಬೇರೆ ಗಾಯಗಳಿರಲಿಲ್ಲ. ಅವರಿಗೆ ಶಿರಸ್ತ್ರಾಣವಿರಲಿಲ್ಲವೆಂದಲ್ಲ, ಇತ್ತು. ಸೆಖೆಯೆಂದೂ, ಕಿವಿ ಕೇಳಿಸುವುದಿಲ್ಲವೆಂದೂ ಅದನ್ನು ಮನೆಯ ಗೂಟಕ್ಕೆ ನೇತುಹಾಕಿದ್ದರು. ಅತ್ತೆ ಬಹಳ ವರ್ಷ ಅದನ್ನು ಅಲ್ಲಿಂದ ತೆಗೆಯಲಿಲ್ಲ. ಬೇಸಿಗೆ ರಜೆಗೆ ಹೋದಾಗಲೆಲ್ಲ ನಾವು ಅದರ ಕೆಳಗೆ ಕುಳಿತು ಊಟ ಮಾಡುತ್ತಿದ್ದೆವು. ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ.

ಶಿರಸ್ತ್ರಾಣವನ್ನು ಕಡ್ಡಾಯಗೊಳಿಸಿದ 1988ರ ಮೋಟಾರು ವಾಹನ ಕಾಯಿದೆ 1989ರ ಜುಲೈ 1ರಂದು ಜಾರಿಗೆ ಬಂದಿತು. ಆದರೆ ಪುಸ್ತಕದಿಂದ ಬೀದಿಗೆ ಇಳಿಯಲು ಕಾನೂನಿಗೆ ಬಹಳ ಸಮಯ ಹಿಡಿಯಿತು. ಬೆಂಗಳೂರಿನಲ್ಲಿ ಸವಾರರಿಗೆ ಅದು ನಿಜವಾಗಿ ಅನ್ವಯವಾದದ್ದು 2006ರ ಕೊನೆಯಲ್ಲಿ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೆ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ನಡುವಣ ಹತ್ತು ವರ್ಷ ಮುಂದೆ ಕುಳಿತ ಗಂಡನ ತಲೆಗೆ ರಕ್ಷಣೆಯಿತ್ತು, ಹಿಂದೆ ಕುಳಿತ ಹೆಂಡತಿಯ ತಲೆಗೆ ಇರಲಿಲ್ಲ! ನಾಲ್ಕು ವರ್ಷದೊಳಗಿನ ಮಕ್ಕಳಿಗೆ ರಕ್ಷಣಾ ಪಟ್ಟಿ, ಶಿರಸ್ತ್ರಾಣ ಹಾಗೂ ಗಂಟೆಗೆ 40 ಕಿಲೋಮೀಟರಿನ ವೇಗದ ಮಿತಿಯನ್ನು ವಿಧಿಸುವ ಕೇಂದ್ರ ನಿಯಮ ಪ್ರಕಟವಾದದ್ದು 2022ರಲ್ಲಿ. ಟ್ಯಾಂಕಿನ ಮೇಲೆ ಕುಳಿತ ನನ್ನ ಚಿತ್ರಕ್ಕೆ ಆಗ ಐವತ್ತು ವರ್ಷ ತುಂಬುತ್ತ ಬಂದಿತ್ತು.

ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ದ್ವಿಚಕ್ರ ವಾಹನದವರು 74,897. ಶಿರಸ್ತ್ರಾಣ ಧರಿಸದೆ ಸತ್ತವರು 50,029. ಇವರ ಪೈಕಿ 14,337 ಮಂದಿ ಹಿಂಬದಿಯ ಆಸನದವರು. ಈ ಕೊನೆಯ ಸಂಖ್ಯೆಯನ್ನು ಓದಿದಾಗ ನನಗೆ ಸಯ್ಯಾಜಿರಾವ್ ರಸ್ತೆಯಲ್ಲಿ ತರಕಾರಿ ಚೀಲ ಹಿಡಿದು ಕುಳಿತಿದ್ದ ತಾಯಿಯ ಮುಖ ಕಣ್ಣಮುಂದೆ ಬಂದಿತು. ನಾವು ಸುರಕ್ಷಿತವಾಗಿ ಮನೆ ತಲುಪಿದ್ದು ನಮ್ಮ ಜಾಣತನದಿಂದಲ್ಲ, ಅದೃಷ್ಟದಿಂದ.

1996ರಲ್ಲಿ ಎರಡು ಸಂಗತಿಗಳು ನಡೆದವು. ನಾವು ಹ್ಯೂಸ್ಟನ್ನಿಗೆ ಬಂದಿಳಿದೆವು. ಯಾದವಗಿರಿಯ ಕಾರ್ಖಾನೆ ಬಾಗಿಲು ಮುಚ್ಚಿತು. ಕಡಿಮೆ ಪೆಟ್ರೋಲು ಕುಡಿಯುವ ಜಪಾನೀ ಗಾಡಿಗಳ ಸ್ಪರ್ಧೆ, ಹೊಗೆಯ ಮೇಲೆ ಬಿಗಿಯಾಗುತ್ತಿದ್ದ ನಿಯಮಗಳು, ಕಾರ್ಮಿಕರ ಸಮಸ್ಯೆಗಳು, ಇವೆಲ್ಲ ಸೇರಿ ಮೂವತ್ತೈದು ವರ್ಷಗಳ ಒಂದು ಉದ್ಯಮವನ್ನು ನಿಲ್ಲಿಸಿದವು. ಭಾನುವಾರದ ಕಾಫಿಯ ಆ ನೆರೆಯವರು ನಂತರ ಸಣ್ಣದೊಂದು ಗ್ಯಾರೇಜು ತೆರೆದರೆಂದು ತಮ್ಮ ಪತ್ರದಲ್ಲಿ ಬರೆದಿದ್ದ. ಗಾಡಿಗಳು ಮಾತ್ರ ಸಾಯಲಿಲ್ಲ. ಪ್ರತಿ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ದಿ ಪ್ರಿಯರು ತಮ್ಮ ದಿನವನ್ನಾಚರಿಸುತ್ತಾರೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ದಿ ಹೊಸ ಒಡೆತನದಲ್ಲಿ ಮರಳಿ ಬಂದವು; ಆದರೆ ಅವುಗಳ ತಯಾರಿಕೆ ಮಧ್ಯಪ್ರದೇಶದ ಪೀಥಂಪುರದಲ್ಲಿ, ಮೈಸೂರಿನಲ್ಲಲ್ಲ. ಇತ್ತ 2013ರಲ್ಲಿ ಸ್ಥಾಪನೆಯಾದ, ಬೆಂಗಳೂರಿನ ಏಥರ್‌ನಂತಹ ಸಂಸ್ಥೆಗಳು ಹೊಗೆಯೂ ಸದ್ದೂ ಇಲ್ಲದ ವಿದ್ಯುತ್ ಸ್ಕೂಟರುಗಳನ್ನು ಬೀದಿಗಿಳಿಸಿವೆ. ಮನೆಬಾಗಿಲಿಗೆ ಊಟ ತರುವ ಹುಡುಗರ ಜೀವನವಂತೂ ಗಾಡಿಯ ಮೇಲೆಯೇ ಸಾಗಿದೆ. ನಮ್ಮ ತಂದೆಯವರಿಗೆ ಕುಟುಂಬದ ವಾಹನವಾಗಿದ್ದುದು ಅವರಿಗೆ ಅನ್ನದ ತಟ್ಟೆ.

ಈಗ ಟೆಕ್ಸಾಸಿನ ಮಾತು. ಹ್ಯೂಸ್ಟನ್ನಿನ ಕೇಟಿ ಹೆದ್ದಾರಿಯನ್ನು 2008ರಲ್ಲಿ ಅಗಲಗೊಳಿಸಿದಾಗ, ಪಕ್ಕದ ಸೇವಾರಸ್ತೆಗಳನ್ನೂ ಸೇರಿಸಿ ಎಣಿಸಿದರೆ ಕೆಲವೆಡೆ 26 ಪಥಗಳಾದವು. ಅಷ್ಟಾದರೂ ಸಂಜೆ ಐದು ಗಂಟೆಗೆ ಅಲ್ಲಿ ಕಾರುಗಳು ನಿಂತೇ ಇರುತ್ತವೆ, ಬಹುತೇಕ ಕಾರುಗಳಲ್ಲಿ ಒಬ್ಬೊಬ್ಬರೇ. ಆ ನಿಂತ ಸಾಲುಗಳ ನಡುವೆ ಗಾಡಿಯನ್ನು ನುಸುಳಿಸಿಕೊಂಡು ಹೋಗುವಂತಿಲ್ಲ. 2023ರಲ್ಲಿ ಟೆಕ್ಸಾಸ್ ಅದನ್ನು ಸ್ಪಷ್ಟವಾಗಿಯೇ ನಿಷೇಧಿಸಿತು. ಇಲ್ಲಿ ಮೋಟಾರು ಸೈಕಲ್ಲು ವಾರಾಂತ್ಯದ ವಿಹಾರಕ್ಕೆ. ಡಲ್ಲಾಸಿನಿಂದಲೂ ಹ್ಯೂಸ್ಟನ್ನಿನಿಂದಲೂ ಸವಾರರು ಆಸ್ಟಿನ್ನಿನ ಪಶ್ಚಿಮದ ಗುಡ್ಡಗಾಡಿನ ತಿರುವು ರಸ್ತೆಗಳಿಗೆ ಹೋಗುತ್ತಾರೆ. ಬೆಂಗಳೂರಿನ ಸವಾರನನ್ನು ಅವನ ಸುತ್ತಲಿನ ನೂರು ಸವಾರರು ಕಾಯುತ್ತಾರೆ, ಏಕೆಂದರೆ ಕಾರಿನ ಚಾಲಕನ ಕಣ್ಣು ಗಾಡಿಗಳಿಗೆ ಒಗ್ಗಿಹೋಗಿರುತ್ತದೆ. ಟೆಕ್ಸಾಸಿನ ಸವಾರ ಒಂಟಿ. ಎಪ್ಪತ್ತು ಮೈಲಿ ವೇಗದಲ್ಲಿ ಹೋಗುವ ಲಾರಿಯ ಚಾಲಕನಿಗೆ ಅವನು ಕಾಣಿಸದಿದ್ದರೆ ಅಲ್ಲಿಗೆ ಮುಗಿಯಿತು. 2023ರಲ್ಲಿ ಈ ರಾಜ್ಯದಲ್ಲಿ ಸುಮಾರು 600 ಮೋಟಾರು ಸೈಕಲ್ ಸವಾರರು ಮಡಿದರು.

ಶಿರಸ್ತ್ರಾಣದ ವಿಷಯದಲ್ಲಿ ಈ ರಾಜ್ಯದ ಮನಸ್ಸೂ ತೂಗುಯ್ಯಾಲೆಯಾಡಿದೆ. 1968ರಲ್ಲಿ ಎಲ್ಲರಿಗೂ ಕಡ್ಡಾಯ, 1977ರಲ್ಲಿ ಸಡಿಲ, 1989ರಲ್ಲಿ, ಅಂದರೆ ಭಾರತದ ಕಾಯಿದೆ ಜಾರಿಗೆ ಬಂದ ವರ್ಷದಲ್ಲಿಯೇ, ಮತ್ತೆ ಕಡ್ಡಾಯ, 1997ರಲ್ಲಿ ಮತ್ತೆ ಸಡಿಲ. ಇಪ್ಪತ್ತೊಂದು ತುಂಬಿದವರು ತರಬೇತಿ ಮುಗಿಸಿದ್ದರೆ ಅಥವಾ ಆರೋಗ್ಯ ವಿಮೆ ಹೊಂದಿದ್ದರೆ ಬರಿದಲೆಯಲ್ಲಿ ಹೋಗಬಹುದು. ನನ್ನ ಮಗಳಿಗೆ ಇಪ್ಪತ್ತೆರಡು. ಕಾನೂನು ಆಕೆಯನ್ನು ತಡೆಯುವುದಿಲ್ಲ. ಇಲ್ಲಿ ಯಾವ ಪೊಲೀಸಿನವರೂ ನನ್ನ ನೆರವಿಗೆ ಬರಲಾರರು.

ಇಷ್ಟನ್ನೆಲ್ಲ ಬರೆದುಕೊಂಡು ನಾನು ಆಸ್ಟಿನ್ನಿಗೆ ಹೋದೆ. ಮಗಳಿಗೆ ಜಾವಾದ ಕಥೆಯನ್ನು ಹೇಳಿದೆ. ಗೂಟಕ್ಕೆ ನೇತುಹಾಕಿದ್ದ ಶಿರಸ್ತ್ರಾಣದ ಕಥೆಯನ್ನೂ ಮೊದಲ ಬಾರಿಗೆ ಹೇಳಿದೆ. ಇಷ್ಟು ವರ್ಷ ಅದನ್ನು ಮುಚ್ಚಿಟ್ಟು, ಟ್ಯಾಂಕಿನ ಮೇಲಿನ ನಗುವಿನ ಚಿತ್ರವೊಂದನ್ನೇ ಗೋಡೆಗೆ ಹಾಕಿದ್ದು ನನ್ನ ತಪ್ಪು. ತಾಯ್ನಾಡಿನ ಬಗ್ಗೆ ಮಕ್ಕಳಿಗೆ ನಾವು ಅರ್ಧ ಚರಿತ್ರೆಯನ್ನಷ್ಟೇ ಹೇಳುತ್ತೇವೆ; ಉಳಿದ ಅರ್ಧವನ್ನು ಅವರು ಪ್ರಶ್ನೆಯಾಗಿ ಕೇಳಿದಾಗ ಸಿಟ್ಟಾಗುತ್ತೇವೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಆ ಹೆಲ್ಮೆಟ್ ಈಗ ಎಲ್ಲಿದೆ, ಅಮ್ಮ?" ಎಂದಳು. ಅತ್ತೆಯ ಮನೆ ಮಾರಿದ ಮೇಲೆ ಅದೇನಾಯಿತೋ ನನಗೂ ತಿಳಿಯದು.

ಬೇಡವೆನ್ನುವ ಹಕ್ಕು ನನಗಿಲ್ಲವೆಂದು ನಾನು ಒಪ್ಪಿಕೊಂಡೆ. ತರಬೇತಿ ಪಡೆಯದೆ ಗಾಡಿ ಮುಟ್ಟಬಾರದು, ಕಾನೂನು ಏನೇ ಹೇಳಲಿ ಶಿರಸ್ತ್ರಾಣವಿಲ್ಲದೆ ಒಂದು ಗಜವೂ ಹೋಗಬಾರದು, ಹೆದ್ದಾರಿಗೆ ಒಂದು ವರ್ಷ ಇಳಿಯಬಾರದು ಎಂಬ ಮೂರು ಮಾತುಗಳನ್ನು ಆಕೆಯೂ ಒಪ್ಪಿಕೊಂಡಳು. ತರಬೇತಿ ಮುಗಿದು ಗಾಡಿ ಬಂದ ಮೇಲೆ ಖಾಲಿ ನಿಲುಗಡೆಯ ಬಯಲಿನಲ್ಲಿ ನನ್ನನ್ನು ಹಿಂದೆ ಕೂರಿಸಿಕೊಂಡು ಎರಡು ಸುತ್ತು ಹಾಕಿದಳು. ಐವತ್ತು ದಾಟಿದ ನಾನು, ಜೀವನದಲ್ಲಿ ಮೊದಲ ಬಾರಿಗೆ ಎರಡೂ ಕಡೆ ಕಾಲು ಹಾಕಿ, ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದುಕೊಂಡು, ತಲೆಗೆ ಶಿರಸ್ತ್ರಾಣ ಧರಿಸಿ ಕುಳಿತಿದ್ದೆ. ಹೆದರಿಕೆ ಹೋಗಲಿಲ್ಲ. ಆಕೆ ಹೊರಟ ಪ್ರತಿ ಸಂಜೆಯೂ ಮನೆ ತಲುಪಿದ ಸುದ್ದಿ ಬರುವವರೆಗೆ ನಾನು ದೂರವಾಣಿಯ ಬಳಿಯೇ ಇರುತ್ತೇನೆ, ಒಂದು ಕಾಲದಲ್ಲಿ ನಮ್ಮ ಅತ್ತೆ ಬಾಗಿಲಲ್ಲಿ ನಿಂತಿರುತ್ತಿದ್ದಂತೆ.

ಸಮ್ಮೇಳನಕ್ಕೆ ಬಂದಿರುವ ಬಂಧುಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿಯೂ ಒಂದು ಗಾಡಿ ಇದ್ದೇ ಇದ್ದಿತು. ಅದನ್ನು ಕೊಂಡ ವರ್ಷ, ಅದರ ಮೇಲೆ ಹೋದ ಊರುಗಳು, ಹಿಂದೆ ಕುಳಿತವರ ಹೆಸರು, ಬಿದ್ದ ದಿನ, ಎಲ್ಲವನ್ನೂ ಬರೆದಿಡಿ. ಮಕ್ಕಳಿಗೆ ಪೂರ್ತಿಯಾಗಿ ಹೇಳಿ. ಮುಂದಿನ ಸಲ ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ತಮ್ಮನೋ ಭಾವನೋ "ಇಲ್ಲೇ ಹತ್ತಿರ, ಕೂತ್ಕೊಳ್ಳಿ" ಎಂದು ಗಾಡಿ ತಂದು ನಿಲ್ಲಿಸಿದಾಗ, ಸಂಕೋಚಪಡದೆ ಇನ್ನೊಂದು ಶಿರಸ್ತ್ರಾಣವನ್ನು ಕೇಳಿ ಪಡೆಯಿರಿ. ಹತ್ತಿರದ ದಾರಿಯಲ್ಲಿಯೇ ನಮ್ಮ ಸೋದರಮಾವ ಹೋಗಿದ್ದು.